ಕನ್ನಡದ ಜನವರಿಗೆ ಮುಗ್ಗರಿಸಿದ ಬಿಲ್ಡ್

ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ನಾನು ಜಾವಾ ಪ್ರೋಗ್ರಾಮಿಂಗ್ ಪಾಠ ಮಾಡುತ್ತೇನೆ. ಹೋದ ಬೇಸಿಗೆ ರಜೆಗೆ ಮತ್ತೋಡಿನ ಅತ್ತೆಮನೆಗೆ ಹೊರಟಾಗ ನಮ್ಮ ವಿಭಾಗದ ಮುಖ್ಯಸ್ಥರು ಒಂದು ಕೆಲಸ ಅಂಟಿಸಿದರು. ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ತಳಪಾಯವಾಗಿ ಬಳಸುತ್ತಿದ್ದ, ಯಾರು ಬೇಕಾದರೂ ತೆರೆದು ತಿದ್ದಬಹುದಾದ ಓಪನ್ ಸೋರ್ಸ್ ಫ್ರೇಮ್‌ವರ್ಕಿನಲ್ಲಿ ಒಂದು ದೋಷವಿತ್ತು. ಫ್ರೇಮ್‌ವರ್ಕ್ ಬರೆದವರು ಅದನ್ನು ಸೋರ್ಸ್ ಕೋಡಿನಲ್ಲಿ ಸರಿಪಡಿಸಿದ್ದರು, ಆದರೆ ಹೊಸ ಆವೃತ್ತಿಯನ್ನು ಬಿಟ್ಟಿರಲಿಲ್ಲ. ಕೋಡ್ ಇಳಿಸಿಕೊಂಡು ನಾವೇ ಬಿಲ್ಡ್ ಮಾಡಿಕೊಳ್ಳಬೇಕಿತ್ತು, ಅಂದರೆ ಅದನ್ನು ಓಡುವ ತಂತ್ರಾಂಶವಾಗಿ ಕಟ್ಟಿಕೊಳ್ಳಬೇಕಿತ್ತು.

"ಏನ್ ಮಹಾ ಕೆಲ್ಸ ಮೇಡಂ? ಒಂದೇ ಕಮಾಂಡ್ ಐತೆ, ಹೊಡೆದ್ಬಿಡ್ರಿ," ಎಂದರು. ತಾವು ಕಮಾಂಡ್ ಹೊಡೆಯುವುದನ್ನು ಬಿಟ್ಟು ವರ್ಷಗಳೇ ಆದವರಿಗೆ ಮಾತ್ರ ಬರುವ ಧೈರ್ಯ ಅದು.

ಮತ್ತೋಡಿನ ಮನೆಯಲ್ಲಿ ಸಿಗ್ನಲ್ ವಾಸ ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿನ ಹತ್ತಿರ. ಫೋನನ್ನು ಟ್ಯಾಂಕಿನ ನೆತ್ತಿಯ ಮೇಲೆ ಕೂರಿಸಿ, ನಾನು ಅದರ ನೆರಳಲ್ಲಿ ಲ್ಯಾಪ್‌ಟಾಪ್ ತೆರೆದೆ. ಆ ಒಂದೇ ಕಮಾಂಡಿಗೆ ಲೋಕದ ಲೈಬ್ರರಿಗಳೆಲ್ಲ, ಅಂದರೆ ಬೇರೆಯವರು ಬರೆದಿಟ್ಟ ಕೋಡಿನ ಗಂಟುಗಳೆಲ್ಲ, ಬೇಕಾದವು. ಮದುವೆಗೆ ಕರೆದ ನೆಂಟರು ಕರೆಯದವರನ್ನೂ ಜೊತೆಗೆ ತಂದಂತೆ, ಒಂದೊಂದೂ ತನ್ನ ಬಳಗವನ್ನೇ ಎಳೆದುಕೊಂಡು ಬಂತು. ಎಲ್ಲ ಇಳಿದ ಮೇಲೆ, ನಿನ್ನ ಜಾವಾ ಹಳೆಯದು ಎಂದಿತು ಆ ಕಮಾಂಡ್. ಮೊದಲೇ ಹೇಳಿದರೆ ಅದರ ಘನತೆಗೆ ಕುಂದಲ್ಲವೇ!

ಹೊಸ ಜಾವಾ ಹಾಕುತ್ತಿದ್ದಾಗ, ಕುರಿಗಳಿಗೆ ಸೊಪ್ಪು ಹಾಕಿ ಅತ್ತೆ ಮೇಲೆ ಬಂದರು.

"ಬೆಳಗ್ಗಿಂದ ಏನ್ ಮಾಡ್ತಿದೀಯವ್ವ?"

"ಒಂದು ಫ್ರೇಮ್‌ವರ್ಕ್ ಕಟ್ತಿದೀನಿ ಅತ್ತೆ."

"ಯಾರೂ ಕಟ್ಟಿಲ್ಲೇನು?"

"ಕಟ್ಟವ್ರೆ."

"ಕಟ್ಟಿದ್ದನ್ನ ಮತ್ಯಾಕೆ ಕಟ್ತೀಯ?"

"ನಮ್ಮ ಸಾಹೇಬ್ರಿಗೆ ನನ್ ಮ್ಯಾಲೆ ಬಾಳ ಪ್ರೀತಿ," ಎಂದೆ. ಅತ್ತೆ ನಕ್ಕು ಮಜ್ಜಿಗೆ ತರಲು ಇಳಿದರು.

ಬಿಲ್ಡ್ ಮತ್ತೆ ಶುರುವಾಯಿತು, ಸರಾಗವಾಗಿ ಓಡಿತು, ಕೊನೆಯಲ್ಲಿ ಫ್ರೇಮ್‌ವರ್ಕ್ ತನಗೆ ತಾನೇ ಒಡ್ಡಿಕೊಳ್ಳುವ ಒಂದು ಪರೀಕ್ಷೆಯಲ್ಲಿ ಫೇಲಾಯಿತು. ದಿನಾಂಕ ಸರಿಯಾಗಿ ಅಚ್ಚಾಗುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ತಿಂಗಳ ಹೆಸರು ಇಂಗ್ಲಿಷಿನಲ್ಲಿ ಬರಬೇಕಿತ್ತು. ಬಂದದ್ದು ಕನ್ನಡದ 'ಜನವರಿ'. ನಾನು ಲ್ಯಾಪ್‌ಟಾಪನ್ನು ಕನ್ನಡದಲ್ಲಿ ಇಟ್ಟುಕೊಂಡಿದ್ದೆ. ಭೂಮಿಯ ಮೇಲೆ ಯಾರಾದರೂ ಹಾಗೆ ಮಾಡಿಯಾರು ಎಂದು ಆ ಪರೀಕ್ಷೆ ಬರೆದ ಪುಣ್ಯಾತ್ಮನಿಗೆ ಹೊಳೆದೇ ಇರಲಿಲ್ಲ.

ಮುಖ್ಯಸ್ಥರಿಗೆ ಫೋನ್ ಮಾಡಿದೆ. "ಇಂಗ್ಲಿಷಿಗೆ ಹಾಕ್ಕಳ್ರಿ ಮೇಡಂ, ಮುಗೀತು," ಎಂದರು. ಪ್ರತಿ ನವೆಂಬರಿನಲ್ಲಿ ಶಾಲು ಹೊದ್ದು, ಕನ್ನಡ ಬಳಸಿ ಎಂದು ನಮಗೆಲ್ಲ ಬುದ್ಧಿ ಹೇಳುವವರೂ ಅವರೇ.

ನನಗೆ ರೇಗಿತು. ಭಾಷೆ ಬದಲಿಸಲಿಲ್ಲ. ಪರೀಕ್ಷೆಯ ಕೋಡನ್ನೇ ತೆರೆದು, ಯಂತ್ರ ಯಾವ ಭಾಷೆಯಲ್ಲಿದ್ದರೂ ನೀನು ಇಂಗ್ಲಿಷಿನಲ್ಲೇ ತಿಂಗಳು ಕೇಳು ಎಂದು ಒಂದು ಸಾಲು ಸೇರಿಸಿದೆ. ಬಿಲ್ಡ್ ಪಾಸಾಯಿತು. ಮಜ್ಜಿಗೆ ಕುಡಿಯುತ್ತಲೇ ಆ ಸಾಲನ್ನು ಫ್ರೇಮ್‌ವರ್ಕಿನವರಿಗೆ ಕಳಿಸಿಕೊಟ್ಟೆ. ಕೆಲವು ದಿನಗಳ ಮೇಲೆ, ಯಾವ ದೇಶದವರೋ ಏನೋ, ವಂದನೆ ಹೇಳಿ ಅದನ್ನು ಸೇರಿಸಿಕೊಂಡರು. ಆ ದಿನ ನಾನು ಕಾರಣವಿಲ್ಲದೆ ಮನೆಮಂದಿಗೆಲ್ಲ ಒಬ್ಬಟ್ಟು ಮಾಡಿ ಹಾಕಿದೆ.

ಕಾಲೇಜು ತೆರೆದ ಮೇಲೆ ಮುಖ್ಯಸ್ಥರು ಸಭೆಯಲ್ಲಿ ಎದ್ದುನಿಂತು, ಜಗತ್ತಿನ ತಂತ್ರಾಂಶಕ್ಕೆ ನಮ್ಮ ವಿಭಾಗ ತಮ್ಮ ಮಾರ್ಗದರ್ಶನದಲ್ಲಿ ಕೊಡುಗೆ ನೀಡಿದೆ ಎಂದು ಸಾರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ನಾನೇ ತಟ್ಟಿದೆ.