ಗೀಟಿನ ಮೇಲಿನ ಎರಡನೇ ಕಚ್ಚು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಊರಾಚೆಯ ರಸ್ತೆಯ ಬದಿಯಲ್ಲಿ, ಸಿಮೆಂಟಿನ ಕಂಬವೊಂದರ ಬುಡದಲ್ಲಿ, ಲೈನ್‌ಮ್ಯಾನ್ ಒಬ್ಬರು ಸುಮ್ಮನೆ ನಿಂತಿದ್ದಾರೆ. ಏಣಿ ಆನಿಸಿಯಾಗಿದೆ, ಸೊಂಟಕ್ಕೆ ಪಟ್ಟಿ ಬಿಗಿದಾಗಿದೆ. ಕಂಬಕ್ಕೆ ಹಬ್ಬಿ ತಂತಿಯವರೆಗೂ ಹೋಗಿರುವ ಬಳ್ಳಿಯನ್ನು ಕತ್ತರಿಸಿ ಎಳೆದು ಹಾಕುವುದಷ್ಟೇ ಬಾಕಿ. ಆದರೂ ಅವರು ಹತ್ತುತ್ತಿಲ್ಲ. ಸಬ್‌ಸ್ಟೇಷನ್ನಿನಲ್ಲಿ ಕೂತ ಆಪರೇಟರನಿಗೆ ಫೋನು ಮಾಡಿ ‘ಲೈನ್ ಕ್ಲಿಯರ್’ ಕೇಳಿದ್ದಾರೆ. ಈ ತಂತಿಯ ಕರೆಂಟ್ ತೆಗೆದಿದ್ದೇನೆ, ನೀವು ಇಳಿದು ಹೇಳುವವರೆಗೆ ಹಾಕುವುದಿಲ್ಲ ಎಂದು ಆಪರೇಟರ್ ಕೊಡುವ ಮಾತು ಅದು. ಅದು ಬರುವವರೆಗೆ ಜಪ್ಪಯ್ಯ ಅಂದರೂ ಇವರು ಏಣಿಯ ಮೊದಲ ಮೆಟ್ಟಿಲು ತುಳಿಯುವುದಿಲ್ಲ.

“ಮಾವ, ದೊಡ್ಡ ಕಟ್ಟಡದವರು ನನ್ನನ್ನ ಬೈತಾರೆ. ಐದು ನಿಮಿಷದ ಕೆಲಸ ಅಲ್ವಾ? ಹಾಗೇ ಮುಗಿಸಿಬಿಡಿ” ಎನ್ನುತ್ತದೆ ಫೋನು.

“ಐದು ನಿಮಿಷದ್ದು ಅಂತಾನೇ ಆಫ್ ಮಾಡು ಅಂತಿರೋದು. ಇಡೀ ದಿನದ ಕೆಲಸ ಆಗಿದ್ರೆ ನಾನು ಕೇಳೋ ಮೊದಲೇ ಮಾಡ್ತಿದ್ದೆ ನೀನು.”

ಸೈಕಲ್ಲಿನ ಮೇಲೆ ಬ್ರೆಡ್ಡು ಮಾರಲು ಹೊರಟವನು ಕಾಲೂರಿ ನಿಲ್ಲುತ್ತಾನೆ. “ಏನ್ ಮಾವ, ಕಂಬ ಹತ್ತೋಕೂ ಮುಹೂರ್ತ ನೋಡ್ತೀರಾ?” ಇವರು ನಗುವುದಿಲ್ಲ, ಸಿಟ್ಟಾಗುವುದೂ ಇಲ್ಲ. ಕೊನೆಗೆ ಫೋನು ಬರುತ್ತದೆ, ಕರೆಂಟ್ ತೆಗೆದಾಯಿತು ಎಂದು. ಅಷ್ಟಕ್ಕೂ ಸಮಾಧಾನವಿಲ್ಲ. ನೆಲಕ್ಕೆ ಹೂತ ಸಲಾಕೆಗೆ ಬಿಗಿದ ಸರಪಳಿಯ ಇನ್ನೊಂದು ತುದಿಯನ್ನು ಒಣ ಗಳುವಿನಿಂದ ಎತ್ತಿ ಮೂರೂ ತಂತಿಗಳ ಮೇಲೆ ಹಾಕುತ್ತಾರೆ. ಯಾರಾದರೂ ತಪ್ಪಿ ಸ್ವಿಚ್ ಹಾಕಿದರೂ ಕರೆಂಟ್ ಮಣ್ಣಿಗೆ ಹೋಗಲಿ, ಮನುಷ್ಯನ ಮೈಗೆ ಬೇಡ ಎಂದು. ಆಮೇಲೆ ಹತ್ತುತ್ತಾರೆ.

ಊರಿನ ಪಾಲಿಗೆ ಇವರು ‘ಕರೆಂಟ್ ಮಾವ’. ಮುನ್ನೂರಕ್ಕೂ ಹೆಚ್ಚು ಕಂಬಗಳು, ನಡುವೆ ಒಂದು ಹಳ್ಳ, ಒಂದು ಕಲ್ಲುಗಣಿ, ಅರ್ಧ ಊರು. ಇಷ್ಟು ಇವರ ಸುಪರ್ದಿ. ಮಳೆಗಾಳಿ ಬಂದ ದಿನ ಎಲ್ಲರೂ ಬಾಗಿಲು ಹಾಕಿಕೊಂಡು ಒಳಗೆ ಸೇರಿದರೆ, ಬಾಗಿಲು ತೆಗೆದು ಹೊರಗೆ ಬೀಳುವವರು ಇವರೊಬ್ಬರೇ. ಕರೆಂಟ್ ಇದ್ದಷ್ಟು ದಿನ ಇವರ ನೆನಪು ಯಾರಿಗೂ ಇರುವುದಿಲ್ಲ, ಹೋದ ಗಳಿಗೆಯಲ್ಲಿ ಎಲ್ಲರ ಬಾಯಲ್ಲೂ ಇವರೇ. ಮನೆಯಾಕೆಯ ಪ್ರಕಾರ ಇಡೀ ಊರಿನ ಬೈಗುಳ ಪುಕ್ಕಟೆಯಾಗಿ ಸಿಗುವ ಉದ್ಯೋಗ ಇದೊಂದೇ.

ಒಂದು ಕಾಲದಲ್ಲಿ ಈ ಕಂಬಗಳನ್ನು ಇಬ್ಬರು ನೋಡಿಕೊಳ್ಳುತ್ತಿದ್ದರು. ಇನ್ನೊಬ್ಬ ಇವರ ಭಾವಮೈದ, ಹೆಂಡತಿಯ ಬೆನ್ನಿಗೆ ಬಿದ್ದ ತಮ್ಮ. ತಾಯಿಯಿಲ್ಲದ ಹುಡುಗ ಅಕ್ಕನ ಸೆರಗು ಬಿಡದೆ ಮದುವೆಯ ಮಾರನೇ ದಿನವೇ ಭಾವನ ಮನೆಗೆ ಬಂದುಬಿಟ್ಟ. “ನನಗೆ ಬಂದ ಬಳುವಳಿ ಅಂದ್ರೆ ಇವನೇ. ಅದೂ ದಿನಾ ಊಟ ಕೇಳೋ ಬಳುವಳಿ” ಎಂದು ಕರೆಂಟ್ ಮಾವ ಹೇಳಿಕೊಂಡು ತಿರುಗುತ್ತಿದ್ದುದು ಊರಿಗೆಲ್ಲ ಗೊತ್ತು. ಕಂಬ ಹತ್ತುವುದನ್ನು ಕಲಿಸಿದ್ದೂ ಇವರೇ, ಇಲಾಖೆಗೆ ಸೇರಿಸಿದ್ದೂ ಇವರೇ. ಭಾವ ಕೆಳಗೆ, ಭಾವಮೈದ ಮೇಲೆ. ಮೇಲಿದ್ದವನಿಗೆ ಕೆಳಗಿದ್ದವರ ಮಾತೇ ಕಣ್ಣು. ಬಲಕ್ಕೆ ಅಂದರೆ ಬಲಕ್ಕೆ, ಬಿಡು ಅಂದರೆ ಬಿಡುವುದು. ತಿರುಗಿ ಕೇಳುವ ಅಭ್ಯಾಸವೇ ಇರಲಿಲ್ಲ.

ಆಗ ಬಂತು ಡೇಟಾ ಸೆಂಟರಿನ ಸುದ್ದಿ. ಕಂಪನಿಯೊಂದು ಈ ಸೀಮೆಯಲ್ಲಿ ಜಾಗ ಹುಡುಕುತ್ತಿತ್ತು. ಮೂರು ಊರುಗಳ ಹೆಸರು ಮುಂದಿದ್ದವು. ಭೂಮಿ ಮೂರೂ ಕಡೆ ಅಗ್ಗ, ನೀರು ಮೂರೂ ಕಡೆ ಅಷ್ಟಕ್ಕಷ್ಟೆ. ಹಾಗಾಗಿ ಎಲ್ಲಿ ಕರೆಂಟ್ ಕೈಕೊಡುವುದಿಲ್ಲವೋ ಅಲ್ಲೇ ಕಟ್ಟುವುದೆಂದು ತೀರ್ಮಾನವಾಯಿತು. ಮೂರೂ ಸಬ್‌ಸ್ಟೇಷನ್ನುಗಳಲ್ಲಿ ಒಂದೊಂದು ಬೂದು ಬಣ್ಣದ ಪೆಟ್ಟಿಗೆ ಕೂರಿಸಿದರು. ಕರೆಂಟ್ ಇದ್ದಷ್ಟು ಹೊತ್ತು ಅದರ ಪರದೆಯ ಮೇಲೆ ನೇರವಾದ ಗೀಟು ಓಡುತ್ತದೆ, ಹೋದರೆ ಗೀಟಿನಲ್ಲಿ ಕಚ್ಚು ಬೀಳುತ್ತದೆ. ಒಂದು ಮಳೆಗಾಲ ಪೂರ್ತಿ ನೋಡಿ, ಕಚ್ಚು ಕಡಿಮೆ ಇದ್ದ ಊರನ್ನು ಆರಿಸುತ್ತಾರಂತೆ.

ಊರಿಗೆ ಊರೇ ಆ ಗೀಟಿನ ಹಿಂದೆ ಬಿತ್ತು. ಒಂದು ಇಟ್ಟಿಗೆಯೂ ಬೀಳುವ ಮೊದಲೇ ಬಸ್‌ ಸ್ಟ್ಯಾಂಡಿನ ಹೋಟೆಲಿನವನು ‘ಡೇಟಾ ಕ್ಯಾಂಟೀನ್’ ಎಂದು ಬೋರ್ಡು ಬರೆಸಿದ. ಅದರೊಳಗೆ ಏನು ಇಡುತ್ತಾರೆ ಎಂಬುದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. “ಲೋಕದವರ ಫೋಟೋ ಎಲ್ಲ ಅಲ್ಲೇ ಇರುತ್ತಂತೆ ರೀ. ನಮ್ಮ ಮದುವೆ ಫೋಟೋ ಎಲ್ಲಿ ಹೋಯ್ತೋ, ಅಲ್ಲೇ ವಿಚಾರಿಸಿ ನೋಡಿ” ಎಂದಿದ್ದರು ಮನೆಯಾಕೆ. ಅವರು ಆಗ ಹಾಗೆ ತಮಾಷೆ ಮಾಡುತ್ತಿದ್ದರು.

ಸಬ್‌ಸ್ಟೇಷನ್ನಿನ ಇಂಜಿನಿಯರರು ಎಲ್ಲರನ್ನೂ ಕರೆದು ಬಾಯಿಮಾತಿನಲ್ಲೇ ಹೇಳಿದರು: ಏನಾದರೂ ಆಗಲಿ, ಲೈನ್ ಆಫ್ ಆಗಕೂಡದು. ಲೈನ್ ಕ್ಲಿಯರ್ ಎಂಬ ಪದವೇ ಕೇಳಿಸಕೂಡದು. ಜೊತೆಗೆ ಹೊಸದೊಂದು ಸ್ವಿಚ್ ಹಾಕಿಸಿದರು. ಮೊದಲೆಲ್ಲ ಕೊಂಬೆಯೋ ಹಕ್ಕಿಯೋ ತಾಗಿ ಲೈನ್ ಬಿದ್ದುಹೋದರೆ, ಅಂದರೆ ಕರೆಂಟ್ ತಾನಾಗಿ ಕಟ್ಟಾದರೆ, ಆಪರೇಟರ್ ಫೋನು ಮಾಡಿ ವಿಚಾರಿಸದೆ ಮತ್ತೆ ಹಾಕುತ್ತಿರಲಿಲ್ಲ. ಹೊಸ ಸ್ವಿಚ್ಚಿಗೆ ಆ ರಗಳೆ ಇಲ್ಲ. ನಾಲ್ಕೈದು ಸೆಕೆಂಡಿನಲ್ಲಿ ಯಾರನ್ನೂ ಕೇಳದೆ ತಾನೇ ಹಾಕಿಕೊಳ್ಳುತ್ತದೆ.

“ಸುಳ್ಳು ಯಾಕೆ ಹೇಳ್ಲಿ, ನನಗೂ ಹುಚ್ಚು ಹಿಡಿದಿತ್ತು. ಸಂಜೆ ಹೋಗಿ ಆ ಗೀಟು ನೋಡಿಕೊಂಡು ಬಂದ್ರೇನೇ ಊಟ ಸೇರ್ತಿತ್ತು. ನಮ್ಮ ಗೀಟು ಕೂದಲೆಳೆಯಷ್ಟೂ ಕೊಂಕಿಲ್ಲ ಅಂತ ಪಕ್ಕದೂರಿನ ಲೈನ್‌ಮ್ಯಾನ್‌ಗೆ ಫೋನ್ ಮಾಡಿ ಹೊಟ್ಟೆ ಉರಿಸ್ತಿದ್ದೆ” ಎನ್ನುತ್ತಾರೆ ಕರೆಂಟ್ ಮಾವ.

ಮಳೆಗಾಲ ಮುಗಿಯುತ್ತ ಬಂದಿತ್ತು. ಹಳ್ಳದ ದಂಡೆಯಲ್ಲಿ ಮರದ ಕೊಂಬೆಯೊಂದು ತಂತಿಗೆ ತಾಗುವಷ್ಟು ಬಾಗಿತ್ತು. ಬಿಟ್ಟರೆ ಗಾಳಿಗೆ ಬಡಿದು ಕಚ್ಚು ಬೀಳುವುದು ಖಂಡಿತ. ಕತ್ತರಿಸಬೇಕೆಂದರೆ ಆಫ್ ಮಾಡಬೇಕು, ಅದೂ ಕಚ್ಚೇ. ಹಾಗೇ ಹತ್ತಿ ಕತ್ತರಿಸು ಎಂದವರು ಇವರೇ. ಭಾವಮೈದ ಎಂದಿನಂತೆ ಮರುಮಾತಾಡದೆ ಹತ್ತಿದ. ಕೊಂಬೆ ಅವನೆಣಿಸಿದ ಕಡೆಗೆ ಬೀಳಲಿಲ್ಲ. ಒದ್ದೆ ಕೊಂಬೆ ಎರಡು ತಂತಿಗಳ ಮೇಲೆ ಅಡ್ಡ ಬಿದ್ದು ಢಂ ಎಂದು ಸಿಡಿಯಿತು, ಲೈನ್ ಸತ್ತಿತು. ಸದ್ದಿಗೆ ಬೆಚ್ಚಿದ ಭಾವಮೈದನ ಕಾಲು ಜಾರಿತು. ಪಟ್ಟಿಯ ಕೊಂಡಿಯೂ ಕಳಚಿ, ಕಂಬದ ಕಬ್ಬಿಣದ ಅಡ್ಡತೋಳಿಗೆ ಒಂದು ಮೊಣಕೈ ಸಿಕ್ಕಿಸಿಕೊಂಡು ಗಾಳಿಯಲ್ಲಿ ತೂಗಾಡತೊಡಗಿದ. ಕೈಗೆಟುಕುವಂತಿದ್ದದ್ದು ತಂತಿಯೊಂದೇ.

ಮುಂದಿನದನ್ನು ಕರೆಂಟ್ ಮಾವ ತಲೆ ತಗ್ಗಿಸಿಕೊಂಡು ಹೇಳುತ್ತಾರೆ. “ಅವನು ತಂತಿ ಹಿಡೀಲಿಲ್ಲ. ನನ್ನ ಕಡೆ ನೋಡ್ದ. ನಾನು ಏನಂತೀನಿ ಅಂತ ಕಾಯ್ತಿದ್ದ. ನಾನು ಕೂಗಿದೆ, ‘ಲೈನ್ ಹೋಗಿದೆ, ತಂತಿ ಹಿಡ್ಕೋ, ಬೀಳ್ಬೇಡ!’ ಅಂತ. ಇಷ್ಟು ವರ್ಷ ಬಿದ್ದ ಲೈನು ಬಿದ್ದಿರ್ತಿತ್ತು. ಹೊಸ ಸ್ವಿಚ್ ಹಾಕಿರೋದು ನನಗೂ ಗೊತ್ತಿತ್ತು. ತಲೆಗೆ ಗೊತ್ತಿತ್ತು, ಬಾಯಿಗೆ ಗೊತ್ತಿರ್ಲಿಲ್ಲ. ಎರಡೂ ಕೈಯಲ್ಲಿ ಹಿಡ್ಕೊಂಡ. ನಾನು ಉಸಿರು ಬಿಡೋದ್ರೊಳಗೆ ಕರೆಂಟ್ ಬಂತು. ಅವನ ಮೈಮೇಲೆ ಹರಿದು ಮತ್ತೆ ಹೋಯ್ತು.”

ಜೀವ ಉಳಿಯಿತು. ಕೈಗಳು ಉಳಿಯಲಿಲ್ಲ. ಒಂದನ್ನು ಮೊಣಕೈಯ ಕೆಳಗೆ, ಇನ್ನೊಂದನ್ನು ಹೆಗಲಿನ ಹತ್ತಿರ ತೆಗೆದರು.

ಊರು ಗೆದ್ದಿತು. ಪಕ್ಕದೂರುಗಳ ಗೀಟು ಗರಗಸದಂತಿದ್ದರೆ ಈ ಊರಿನದರಲ್ಲಿ ಒತ್ತೊತ್ತಾಗಿ ಎರಡೇ ಕಚ್ಚು. ಕಟ್ಟಡ ಎದ್ದಿತು. ಕಿಟಕಿಯೇ ಇಲ್ಲದ ಉದ್ದನೆಯ ಕಟ್ಟಡ, ಸುತ್ತ ಎರಡಾಳೆತ್ತರದ ಬೇಲಿ, ಹಗಲಿರುಳು ಗುಂಯ್ ಎನ್ನುವ ಸದ್ದು. ಕಾವಲಿನವರೂ ಹೊರಗಿನಿಂದಲೇ ಬಂದರು. ಅವರು ಊಟದ ಡಬ್ಬಿ ತಂದುಕೊಳ್ಳುವುದರಿಂದ ಕ್ಯಾಂಟೀನಿನ ಬೋರ್ಡು ಮಾತ್ರ ಉಳಿದಿದೆ. ಸಂಜೆ ಕರೆಂಟ್ ಸಾಲದೆ ಬಂದಾಗ ಮೊದಲು ಕತ್ತಲಾಗುವುದು ಊರಿನ ಬೀದಿಗಳು. ಆ ಸ್ವಿಚ್ ತೆಗೆಯಲು ಹೋಗಬೇಕಾದವರೂ ಇವರೇ. ಬೈಗುಳ ಮೊದಲಿಗಿಂತ ಜಾಸ್ತಿಯಾಗಿದೆ, ಮತ್ತು ಈಗ ಅದರಲ್ಲಿ ನ್ಯಾಯವೂ ಇದೆ.

ಆದರೆ ಭಾವಮೈದನ ಮಾತೆತ್ತುವವರಿಲ್ಲ. ಅಪ್ಪಣೆಯಿಲ್ಲದೆ ತಾನಾಗಿ ಹತ್ತಿದ, ಹಾಗಾಗಿ ಇದು ಕೆಲಸದಲ್ಲಿ ಆದ ಅಪಘಾತವೇ ಅಲ್ಲ ಎನ್ನುತ್ತದೆ ಇಲಾಖೆ. ಕೆಲಸದ ಮೇಲೆ ಹತ್ತಿದ ಎಂದು ಒಪ್ಪಿದರೆ ಮಾತ್ರ ಅವನಿಗೆ ಪರಿಹಾರ ಸಿಕ್ಕಿ ಜೀವನಕ್ಕೊಂದು ದಾರಿ. ಹಾಗೆ ಹೇಳಬಲ್ಲವರು ಹತ್ತಿಸಿದವರೊಬ್ಬರೇ, ಹೇಳಿದರೆ ಅವರ ಕೆಲಸಕ್ಕೆ ಸಂಚಕಾರ. ಮೊದಲ ವಿಚಾರಣೆಯಲ್ಲಿ ಕರೆಂಟ್ ಮಾವ ಬಾಯಿ ಬಿಡಲಿಲ್ಲ. “ಇಬ್ಬರೂ ಮನೇಲಿ ಕೂತ್ರೆ ಒಲೆ ಹೇಗೆ ಹತ್ತುತ್ತೆ ಅಂತ ನಾನೇ ಅಂದೆ. ಒಂದು ಕಡೆ ಗಂಡ, ಇನ್ನೊಂದು ಕಡೆ ಒಡಹುಟ್ಟಿದವನು. ನಾನಾದ್ರೂ ಏನ್ ಮಾಡ್ಲಿ?” ಎನ್ನುತ್ತಾರೆ ಮನೆಯಾಕೆ.

ಈಗ ಕಂಪನಿ ಎರಡನೇ ಕಟ್ಟಡಕ್ಕೆ ಜಾಗ ಆರಿಸುತ್ತಿದೆ. ಮತ್ತೆ ಅದೇ ಮೂರು ಊರು. ಬಳ್ಳಿ ತೆಗೆದು ಕರೆಂಟ್ ಮಾವ ಸಬ್‌ಸ್ಟೇಷನ್ನಿಗೆ ಬರುವಷ್ಟರಲ್ಲಿ ಜಾಗ ನೋಡುವವರು ಬಂದು ಕೂತಿದ್ದಾರೆ. ಇಂಜಿನಿಯರರು ಇವರನ್ನು ಬಾಗಿಲ ಹೊರಗೇ ತಡೆಯುತ್ತಾರೆ. “ಹಳೇ ಕಚ್ಚಿನ ವಿಷಯ ಕೇಳ್ತಾರೆ. ಮೊದಲನೇದು ಕೊಂಬೆ, ಎರಡನೇದು ಹಕ್ಕಿ ಅಂತ ಹೇಳಿ. ನಿವೃತ್ತಿ ಹತ್ತಿರ ಇದೆ, ಸುಮ್ನೆ ತಲೆ ಮೇಲೆ ಎಳ್ಕೋಬೇಡಿ.”

ಒಳಗೆ ಮೇಜಿನ ಮೇಲೆ ಆ ಗೀಟಿನ ದೊಡ್ಡ ಚಿತ್ರ ಹರಡಿದೆ. ಜಾಗ ಆರಿಸುವ ತಂಡದ ಮುಖ್ಯಸ್ಥೆ ಪೆನ್ಸಿಲಿನಿಂದ ತೋರಿಸಿ ಕೇಳುತ್ತಾರೆ, “ಇಡೀ ಮಳೆಗಾಲದಲ್ಲಿ ಇವೆರಡೇ. ಏನಾಗಿತ್ತು?”

ಕರೆಂಟ್ ಮಾವ ಬಾಗಿ ನೋಡುತ್ತಾರೆ. ಆ ಎರಡು ಕಚ್ಚುಗಳನ್ನು ಇಷ್ಟು ಹತ್ತಿರದಿಂದ ನೋಡುತ್ತಿರುವುದು ಇದೇ ಮೊದಲು.

“ಮೊದಲನೇದು ಕೊಂಬೆ ಮೇಡಂ. ಎರಡನೇದು ನನ್ನ ಭಾವಮೈದ.”

ಇಂಜಿನಿಯರರ ಮುಖ ಕಪ್ಪಿಡುತ್ತದೆ. ಇವರು ನಿಲ್ಲಿಸುವುದಿಲ್ಲ. “ಅವನು ತಾನಾಗಿ ಹತ್ತಲಿಲ್ಲ. ಆಫ್ ಮಾಡಬಾರದು ಅಂತ ಅಪ್ಪಣೆ ಇತ್ತು. ನಾನೇ ಹತ್ತಿಸಿದೆ. ತಂತಿ ಹಿಡ್ಕೋ ಅಂದವನೂ ನಾನೇ. ವಿಚಾರಣೇಲೂ ಇದನ್ನೇ ಹೇಳ್ತೀನಿ.”

ಆಕೆ ಪೆನ್ಸಿಲು ಕೆಳಗಿಡುತ್ತಾರೆ. “ಬದುಕಿದ್ದಾರಾ?”

“ಇದ್ದಾನೆ ಮೇಡಂ. ಕೈ ಇಲ್ಲ.”

ಆಕೆಗೆ ನಿಜಕ್ಕೂ ನೋವಾಗಿದೆ, ಅದು ಮುಖದಲ್ಲೇ ಕಾಣುತ್ತದೆ. ಆಮೇಲೆ ಪೆನ್ಸಿಲು ಮತ್ತೆ ಕೈಗೆ ಬರುತ್ತದೆ. “ಅಂಥಾ ಅಪಘಾತ ಆದ್ಮೇಲೂ ಕರೆಂಟ್ ಎಷ್ಟು ಬೇಗ ವಾಪಸ್ ಬಂತು?”

“ಅವನು ನೆಲಕ್ಕೆ ಬೀಳೋದೂ ಅದು ಬರೋದೂ ಹೆಚ್ಚೂಕಮ್ಮಿ ಒಟ್ಟಿಗೇ, ಮೇಡಂ.”

ಆಕೆ ಏನೋ ಗುರುತು ಹಾಕಿಕೊಳ್ಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹೊರಗೆ ಬರುತ್ತದೆ: ಎರಡನೇ ಕಟ್ಟಡವೂ ಇಲ್ಲೇ. ಸಂಜೆಯೊಳಗೆ ಇನ್ನೊಂದು ಸುದ್ದಿ. ಮುಂದಿನ ಆದೇಶದವರೆಗೆ ಕರೆಂಟ್ ಮಾವ ಕಂಬದ ಹತ್ತಿರ ಹೋಗುವಂತಿಲ್ಲ.

ಮನೆ ಎರಡು ಕೋಣೆಯದು. ಗೋಡೆಗೊರಗಿ ಕೂತ ಭಾವಮೈದನಿಗೆ ಕರೆಂಟ್ ಮಾವ ಊಟ ಮಾಡಿಸುತ್ತಿದ್ದಾರೆ. ಇದು ನಿತ್ಯದ ಕೆಲಸ, ಹೆಂಡತಿಗೂ ಬಿಟ್ಟುಕೊಡುವುದಿಲ್ಲ. “ಭಾವ, ತುತ್ತು ದೊಡ್ಡದಾಯ್ತು. ನನ್ನ ಬಾಯಿ ಏನು ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆನಾ?” ಎನ್ನುತ್ತಾನೆ ಅವನು. ಬೆಳಗಿನ ಸಂಗತಿ ಕೇಳಿದ ಮೇಲೂ ಅವನು ಹೇಳಿದ್ದು ಇಷ್ಟೇ: “ನಿಮಗೆ ಯಾಕೆ ಬೇಕಿತ್ತು ಭಾವ? ಹಕ್ಕಿ ಅಂದುಬಿಡಬೇಕಿತ್ತು.”

ತಟ್ಟೆ ತೊಳೆಯಲೆಂದು ಕರೆಂಟ್ ಮಾವ ಹಿತ್ತಲಿಗೆ ಬರುತ್ತಾರೆ. ಕೆಲಸ ಹೋದರೆ ಹೋಗಲಿ, ಕೆಲಸದಲ್ಲೇ ಕೈ ಕಳಕೊಂಡವನೆಂದು ಅವನ ಹೆಸರು ಕಡತದಲ್ಲಿ ನಿಲ್ಲುತ್ತದಲ್ಲ ಎನ್ನುತ್ತಾರೆ. ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಬಹಳ ಹೊತ್ತು ತಟ್ಟೆಯನ್ನೇ ಉಜ್ಜುತ್ತಾರೆ.

“ಅವನು ನನ್ನನ್ನ ಒಂದ್ಸಲ ಬೈಬೇಕು. ‘ಹಿಡ್ಕೋ ಅಂತ ಯಾಕೆ ಅಂದೆ’ ಅಂತ ಒಂದೇ ಒಂದ್ಸಲ ಕೇಳ್ಬೇಕು. ಇಡೀ ಊರು ಬೈಯುತ್ತೆ ನನ್ನನ್ನ. ಇವನೊಬ್ಬ ಬೈಯಲ್ಲ.”