ತಂತಿ ಕಡಿದ ಬಟ್ಟೆ ಕತ್ತರಿ

ಮೊನ್ನೆ ನಾನೊಂದು ಕತ್ತರಿಯ ಅಲಗು ಕೆಡಿಸಿದೆ. ಅದೂ ಪಕ್ಕದ ಮನೆಯವರದು!

ದೀಪಾವಳಿಗೆ ಶಾಲೆಯ ಮಕ್ಕಳಿಗೆ ಆಕಾಶಬುಟ್ಟಿ ಮಾಡಿ ತೋರಿಸುವ ಹುರುಪು ನನಗೆ. (ಎಲ್ಲ ಯೂಟ್ಯೂಬ್ ಪ್ರಸಾದ.) ನಮ್ಮ ಮನೆಯ ಕತ್ತರಿ ಎಂದಿನಂತೆ ನಾಪತ್ತೆ. ಹಾನಗಲ್ಲಿನ ನಮ್ಮ ಓಣಿಯಲ್ಲಿ, ಪಕ್ಕದ ಮನೆಯಲ್ಲೇ ಹಳೆ ಬಟ್ಟೆಯ ಕೌದಿ ಹೊಲಿಯುವ ಶಾಂತವ್ವನ ಬಳಿ ಓಡಿದೆ. ತನ್ನ ಅವ್ವ ಕೊಟ್ಟಿದ್ದ ಭಾರದ ಕತ್ತರಿಯನ್ನು ಆಕೆ ನನ್ನ ಕೈಗಿಟ್ಟು, “ಬಟ್ಟಿಗೆ ಅಷ್ಟರೀ ಅಕ್ಕೋರ,” ಎಂದಳು.

ಹೂಂ ಎಂದೆ. ಬಣ್ಣದ ಹಾಳೆ ಕತ್ತರಿಸಿದೆ. ರಟ್ಟು ಕತ್ತರಿಸಿದೆ. ಕೊನೆಗೆ ತಂತಿಯನ್ನೂ! ರಟ್ಟಿಗೆ ಬ್ಲೇಡಿತ್ತು, ತಂತಿ ಕಡಿಯಲು ಪಕ್ಕಡ ಇತ್ತು. ಏಳುವವರು ಯಾರು? ಸುಮ್ಮನೆ ವಾಪಸ್ ಕೊಟ್ಟು ಬಂದೆ.

ಮರುದಿನ ಬೆಳಿಗ್ಗೆ ಶಾಂತವ್ವ ಬಾಗಿಲಲ್ಲಿ. “ಅಕ್ಕೋರ, ಇದು ಬಟ್ಟಿ ಅಗಿಯಾಕತ್ತೇತ್ರಿ. ಐತವಾರ ಮಗಳು ಕೂಸು ಕರಕೊಂಡು ಹಿರೇಬೆಂಡಿಗೇರಿಗೆ ಗಂಡನ ಮನಿಗೆ ಹೋಗ್ತಾಳ. ಕೌದಿ ಇನ್ನೂ ಅರ್ಧಾ ಆಗಿಲ್ಲ.”

ಮೊದಲ ಮೊಮ್ಮಗು. ಅಜ್ಜಿ ಹೊಲಿದ ಕೌದಿಯಿಲ್ಲದೆ ನಮ್ಮ ಕಡೆ ಬಾಣಂತಿಯನ್ನು ಕಳಿಸುವುದುಂಟೆ?

“ತುಕ್ಕು ಹಿಡಿದಿರಬೇಕು, ಸಾಣಿ ಹಿಡಿಸಿಕೊಂಡು ಬರ್ತೇನಿ,” ಎಂದುಬಿಟ್ಟೆ. ಮಕ್ಕಳಿಗೆ ಸತ್ಯ ಹೇಳಿರೆಂದು ದಿನಾ ಪಾಠ ಮಾಡುವವಳು ನಾನು! ನಾಚಿಕೆಯಾಯಿತು. ಆದರೂ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡೆ.

ನಮ್ಮೂರಲ್ಲಿ ಆ ಕೆಲಸದವರು ಸಿಗದೆ ಸವಣೂರಿನ ಬಸ್ ಹತ್ತಿದೆ. ಅಲ್ಲಿನ ಪೇಟೆಯಲ್ಲಿ ಸಾಣೆ ಹಿಡಿಯುವ ಅಜ್ಜ ಅಲಗಿನ ಮೇಲೆ ಬೆರಳಾಡಿಸಿ ಕೇಳಿದ: “ಬಟ್ಟಿ ಕತ್ರಿಲೇ ತಂತಿ ಕಡದಾವ್ರು ಯಾರ್ರೀ?”

“ನಾನ ರೀ.” (ಗುರುತಿಲ್ಲದವರ ಮುಂದೆ ಸತ್ಯ ಎಷ್ಟು ಸುಲಭ!)

ಅಜ್ಜ ನಕ್ಕ. ಕಿಡಿ ಹಾರಿಸಿ ಹಾರಿಸಿ ಅಲಗಿನ ಕಚ್ಚು ತೆಗೆದ. “ಒಂದೀಟು ಬಟ್ಟಿ ಕೊಡ್ರಿ, ನೋಡೂಣು.” ಬಟ್ಟೆ ಎಲ್ಲಿಂದ ತರಲಿ? ದುಪಟ್ಟಾದ ಅಂಚು ಚಾಚಿದೆ. ಸರ್ರನೆ ಎರಡು ಬೆರಳಗಲದ ಪಟ್ಟಿ ಬಿತ್ತು.

ಆ ಪಟ್ಟಿಯನ್ನೂ ಕತ್ತರಿಯನ್ನೂ ಶಾಂತವ್ವನ ಮುಂದಿಟ್ಟು ಎಲ್ಲ ಒಪ್ಪಿಕೊಂಡೆ. ಆಕೆ ಪಟ್ಟಿಯನ್ನು ಕೈಗೆತ್ತಿಕೊಂಡಳು.

“ತುಕ್ಕಲ್ಲಂತ ನನಗ ಆವಾಗ ಗೊತ್ತಾಗಿತ್ರಿ. ನೀವ ಹೇಳ್ಲಿ ಅಂತ ಸುಮ್ಮಕಿದ್ದೆ.”

ಹಾಗೆಂದವಳು ನನ್ನ ದುಪಟ್ಟಾದ ಪಟ್ಟಿಯನ್ನು ಕೌದಿಯ ಮೂಲೆಗಿಟ್ಟು ಹೊಲಿಗೆ ಹಾಕತೊಡಗಿದಳು. ನನ್ನ ಕಣ್ಣು ತುಂಬಿತು. ಮೂರು ದಿನ ಸೂಜಿಗೆ ದಾರ ಪೋಣಿಸಿಕೊಡುವ ಕೆಲಸ ನನ್ನದಾಯಿತು.

ಭಾನುವಾರ ಕೂಸು ಕೌದಿಯಲ್ಲಿ ಬೆಚ್ಚಗೆ ಸುತ್ತಿಕೊಂಡೇ ಊರಿಗೆ ಹೋಯಿತು. ನಾನೀಗ ಹೊಸ ಬಟ್ಟೆ ಕತ್ತರಿಯೊಂದನ್ನು ಕೊಂಡು ಹಿಡಿಕೆಗೆ ಕೆಂಪು ಚಿಂದಿ ಕಟ್ಟಿದ್ದೇನೆ. ಮುಟ್ಟಿದವರಿಗೆ ಮೊದಲ ಪ್ರಶ್ನೆ: ಏನು ಕತ್ತರಿಸಲು?

ಅಂದಹಾಗೆ, ನಿಮ್ಮ ಮನೆಯ ಬಟ್ಟೆ ಕತ್ತರಿ ಈಗ ಹಾಲಿನ ಪ್ಯಾಕೆಟ್ ಕತ್ತರಿಸುತ್ತಿಲ್ಲ ತಾನೇ?