ಅವ್ವ ‘ಮಾಡೂದಿಲ್ಲ’ ಅನ್ನಬೇಕಿತ್ತು

ಎಲ್ಕ್ ಗ್ರೋವ್‌ನ ಡೇಟಾ ಸೆಂಟರಿನಲ್ಲಿ ಈರೇಶನ ಕೆಲಸ ಬಿದ್ದ ಸರ್ವರ್‌ಗಳನ್ನು ಎಬ್ಬಿಸುವುದು. ಹೊಸದಾಗಿ ಸೇರಿದವರಿಗೆಲ್ಲ ಇದನ್ನು ತಾನೇ ಹೇಳಿ ತಾನೇ ನಗುತ್ತಿದ್ದ. ಯಾಕೆಂದರೆ ಅಷ್ಟೂ ಸರ್ವರ್‌ಗಳನ್ನು ಎಬ್ಬಿಸುವ ಈ ಮಹಾನುಭಾವನನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಲು ಅವನ ಅವ್ವ ಶಿವಲಿಂಗಮ್ಮನೇ ಬರಬೇಕು. ಸಣ್ಣಂದಿನಿಂದ ಒಂದೊಂದೇ ಸ್ನಾಯು ಸೋಲುತ್ತ ಬಂದ ಕಾಯಿಲೆ. ಕೈಯಲ್ಲಿ ಉಳಿದಿರುವ ಬಲ ಮೌಸ್ ಒತ್ತಲು, ಬ್ಯಾಟರಿ ವೀಲ್‌ಚೇರಿನ ಕಡ್ಡಿ ತಳ್ಳಲು ಸಾಕು. ಅಂಗಿಯ ಗುಂಡಿಗೆ ಸಾಲದು. “ಬಾಯಿ ಒಂದೇ ನಂದು ಫುಲ್‌ಟೈಮ್, ಉಳಿದದ್ದೆಲ್ಲ ಪಾರ್ಟ್‌ಟೈಮ್” ಅನ್ನುತ್ತಿದ್ದ.

ಏಳಿಸುವುದು, ಕಕ್ಕಸಿಗೆ ಕೂರಿಸುವುದು, ಮೈ ತೊಳೆಯುವುದು, ಪ್ಯಾಂಟು ಏರಿಸುವುದು, ರಾತ್ರಿ ಮಗ್ಗಲು ಬದಲಿಸುವುದು. ಗ್ಲೆಂಡೇಲ್ ಹೈಟ್ಸ್‌ನ ಆ ಮನೆಯಲ್ಲಿ ಈ ಕೆಲಸಗಳಿಗೆ ಬೇರೆ ಹೆಸರೇ ಇರಲಿಲ್ಲ. ಅವ್ವ ಅಂದರೆ ಅದರೊಳಗೇ ಎಲ್ಲ ಬಂತು.

ಅಷ್ಟರಲ್ಲಿ ಅಪ್ಪ ಗುರುಶಾಂತಪ್ಪನ ಕಂಪನಿ ಇಲ್ಲಿನ ಆಫೀಸು ಮುಚ್ಚಿ, ಕೆಲಸ ಬೇಕಿದ್ದರೆ ಐದು ತಾಸು ದೂರದ ಮಿಷಿಗನ್ ರಾಜ್ಯಕ್ಕೆ, ಡೆಟ್ರಾಯಿಟ್ ಕಡೆ ಬಾ ಅಂತು. ಅಲ್ಲಿನ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಮನೆಯೂ ಗೊತ್ತಾಯಿತು. ಅಲ್ಲಿ ಕಾರು ಓಡಿಸಲಾರದವನಿಗೆ ಹಾಲಿನ ಡಬ್ಬಿಯೂ ದಕ್ಕುವುದಿಲ್ಲ. ಈರೇಶನ ಕೆಲಸವೋ ಮನೆಯಲ್ಲಿ ಕೂತು ಮಾಡುವಂಥದ್ದಲ್ಲ. ಬಿಟ್ಟರೆ ಇನ್ನೊಂದು ಸಿಗುವ ನಂಬಿಕೆಯಿಲ್ಲ. ಇದು ಸಿಗುವಷ್ಟರಲ್ಲೇ ಅವನ ಗಡ್ಡ ಎರಡು ಬಾರಿ ಫ್ಯಾಷನ್ನಿಗೆ ಬಂದು ಹೋಗಿತ್ತು.

“ನಾ ಇಲ್ಲೇ ಇರ್ತೀನಿ. ಆಫೀಸಿನ ಹತ್ರ ಅಪಾರ್ಟ್‌ಮೆಂಟ್ ಹಿಡೀತೀನಿ” ಅಂದ.

“ಸಂಡಾಸಕ್ಕ ಯಾರು ಕರ್ಕೊಂಡು ಹೋಗ್ತಾರ? ಆಫೀಸಿನವ್ರೇನು?” ಅಂದಳು ಅವ್ವ.

ಅದಕ್ಕೊಂದು ದಾರಿಯಿತ್ತು. ಅಂಗವಿಕಲರು ತಮ್ಮ ಪಾಡಿಗೆ ತಾವು ಬದುಕಲಿ ಅಂತ ನಡೆಸುವ ಯೋಜನೆ: ನೋಡಿಕೊಳ್ಳುವವರನ್ನು ನಾವು ಹುಡುಕಿಕೊಳ್ಳಬೇಕು, ಅವರ ಸಂಬಳ ಸರ್ಕಾರ ಕೊಡುತ್ತದೆ. ಇದನ್ನು ಹೇಳಿದವಳು ಮಾಳವಿಕಾ. ಮೈಸೂರಿನವರ ಮಗಳು, ಕನ್ನಡ ಕೂಟದ ಊಟದ ಸಾಲಿನಲ್ಲಿ ಪರಿಚಯ. ಅವಳದೂ ವೀಲ್‌ಚೇರು, ಅವಳಿಗೆ ಆಗಲೇ ಹೀಗೆ ಒಬ್ಬಾಕೆ ಬರುತ್ತಿದ್ದಳು.

“ಅರ್ಜಿ ಹಾಕಿದ್ಮೇಲೆ ಮನೆಗೆ ಒಬ್ರು ವಿಚಾರಿಸೋಕೆ ಬರ್ತಾರೆ. ನಿನ್ನ ಅತಿ ಕೆಟ್ಟ ದಿನ ಹೇಗಿರುತ್ತೆ ಅಂತ ಹೇಳು. ಅದು ಜಾಬ್ ಇಂಟರ್ವ್ಯೂ ಅಲ್ಲಪ್ಪಾ, ಶೈನ್ ಆಗೋಕೆ ಹೋಗ್ಬೇಡ” ಎಂದಿದ್ದಳು.

ಈರೇಶ ಶೈನ್ ಆದ. ಬಂದಾಕೆ ಲ್ಯಾಪ್‌ಟಾಪ್ ತೆರೆದು, ಸ್ನಾನ ನೀವೇ ಮಾಡ್ತೀರಾ ಅಂದಾಗ, ಇಪ್ಪತ್ತೊಂಬತ್ತರ ಗಂಡಸು ಅಪರಿಚಿತ ಹೆಂಗಸಿನೆದುರು ಹೇಗೆ ಹೇಳಿಯಾನು? “ಐ ಮ್ಯಾನೇಜ್” ಅಂದ. ಇನ್ನು ಶಿವಲಿಂಗಮ್ಮನೋ, ಮನೆಗೆ ಬರುವವರು ಅಂದರೆ ಬೀಗರೇ ಅನ್ನುವ ಜಾತಿ. ಬೆಳಿಗ್ಗೆಯೇ ಮಗನ ತಲೆ ತೊಳೆದು, ಇಸ್ತ್ರಿ ಅಂಗಿ ತೊಡಿಸಿ, ಕಾಲಿಗೆ ಹೊಸ ಸಾಕ್ಸು ಏರಿಸಿ, ಗದ್ದುಗೆಯ ಮೇಲಿಟ್ಟ ಹಾಗೆ ಕೂರಿಸಿದ್ದಳು. ಮಿರ್ಚಿ, ಮಂಡಕ್ಕಿ ಒಗ್ಗರಣೆ ಆಗಿತ್ತು. ಬಂದಾಕೆ ಮಿರ್ಚಿ ಕಡಿದು, ಕಣ್ಣಲ್ಲಿ ನೀರು ತಂದುಕೊಂಡು, ಇಲ್ಲಿ ಇವರಿಗೆ ಸಹಾಯಕ್ಕೆ ಯಾರಿದ್ದಾರೆ ಅಂತ ಕೇಳಿದಳು.

“ನಾ ಅದೀನಲ್ಲ” ಅಂದಳು ಅವ್ವ. ಗುರುಶಾಂತಪ್ಪ ಅದನ್ನು ಹೆಮ್ಮೆಯಿಂದ ಇಂಗ್ಲಿಷಿಗೆ ಹೊರಳಿಸಿದ.

ಅರ್ಜಿ ಬಿದ್ದುಹೋಯಿತು. ಅವನನ್ನು ನೋಡಿಕೊಳ್ಳಲು ಮನೆಯಲ್ಲಿ ಜನರಿದ್ದಾರಂತೆ.

“ಆಂಟಿ ಇದ್ದಾರೆ ಅಂದ್ಮೇಲೆ ಅವರು ಯಾಕೆ ಕೊಡ್ತಾರೆ?” ಅಂದಳು ಮಾಳವಿಕಾ ಫೋನಿನಲ್ಲಿ. “ನಿಂಗೆ ಕಷ್ಟ ಇದ್ರೆ ಸಾಲ್ದು ಕಣೋ. ಆ ಕಷ್ಟಕ್ಕೆ ಯಾರೂ ಇಲ್ಲ ಅಂತಾನೂ ಆಗ್ಬೇಕು. ಅಪೀಲ್ ಹಾಕು. ಈ ಸಲ ಆಂಟೀನೇ ಹೇಳ್ಬೇಕು, ಇನ್ಮೇಲೆ ನಾನು ಮಾಡಲ್ಲ ಅಂತ.”

ಅವ್ವನಿಗೆ ಇದನ್ನು ತಿಳಿಸಿದಾಗ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಹೆತ್ತಾಕಿ ಬಾಯಾಗ ಆ ಮಾತ ಹೆಂಗ ಬರ್ಬೇಕೋ? ಮನಿಯಾಗ ಅಸ್ತು ದೇವತಿಗೋಳು ಓಡಾಡ್ತಿರ್ತಾವ. ಅಸ್ತು ಅಂದುಬಿಟ್ರ?”

“ಇಲ್ಲೀ ದೇವತಿಗೋಳಿಗೆ ಕನ್ನಡ ಬರಂಗಿಲ್ಲ, ಅಂದುಬಿಡು.”

“ಇಂಗ್ಲಿಷ್‌ನ್ಯಾಗ ಅನ್ಬೇಕಲ್ಲೋ ಮೂಳ.”

ಅವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.

ಅಪ್ಪ ಸಾಮಾನಿನ ಡಬ್ಬ ಕಟ್ಟುತ್ತಲೇ ಅವ್ವನಿಗೆ ಪಾಠ ಹೇಳಿಕೊಟ್ಟ. ಮೈ ಬ್ಯಾಕ್ ಈಸ್ ಬ್ಯಾಡ್. ಐ ಆಮ್ ಗೋಯಿಂಗ್ ಟು ಮಿಷಿಗನ್. ಐ ವಿಲ್ ನಾಟ್ ಡೂ ಫಾರ್ ಹಿಮ್. ಮೂರೂ ಖರೇ ಮಾತೇ. ಮಗನನ್ನು ಎತ್ತೀ ಎತ್ತೀ ಆಕೆಯ ಸೊಂಟ ಯಾವತ್ತೋ ಹೋಗಿತ್ತು. ಆದರೂ ಮೂರನೆಯ ಮಾತಿಗೆ ಬಂದಾಗಲೆಲ್ಲ ಒಲೆಯ ಮೇಲೆ ಏನೋ ಉಕ್ಕುತ್ತಿತ್ತು.

ಎರಡನೆಯ ಸಲವೂ ಬಂದದ್ದು ಅದೇ ಹೆಂಗಸು. ಈ ಬಾರಿ ಮಿರ್ಚಿ ಇರಲಿಲ್ಲ, ಇಸ್ತ್ರಿ ಇರಲಿಲ್ಲ. ಈರೇಶ ಬಾಯಿ ಬಿಟ್ಟು ಎಲ್ಲ ಹೇಳಿದ: ಒಂದು ದಿನ ಬೆಳಗಾಗುವತನಕ ಒದ್ದೆಯಲ್ಲೇ ಮಲಗಿದ್ದು, ಸೊಳ್ಳೆ ಕೂತರೆ ಅದಾಗಿ ಏಳುವತನಕ ಕಾಯಬೇಕಾದ್ದು. ಹೇಳುತ್ತ ಹೇಳುತ್ತ, ಇಷ್ಟು ದಿನ ಜೋಕು ಮಾಡಿ ಮುಚ್ಚಿಟ್ಟ ಸರಕೆಲ್ಲ ಇದೇ ಅಲ್ಲವೇ ಅನ್ನಿಸಿತು.

ಆಕೆ ಅವ್ವನ ಕಡೆ ತಿರುಗಿದಳು. ಶಿವಲಿಂಗಮ್ಮ ಸಾಲೆಯ ಹುಡುಗಿಯ ಹಾಗೆ ಎದ್ದು ನಿಂತು ಮೂರೂ ಮಾತು ಒಪ್ಪಿಸಿದಳು. ಗುರುಶಾಂತಪ್ಪ ಉಸಿರು ಬಿಟ್ಟ. ಆಗ ಬಂದಾಕೆ ಪಾಠದಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದಳು, ಮೆಲ್ಲಗೆ: ಒಂದು ವೇಳೆ ಇವರಿಗೆ ಯಾರೂ ಸಿಗದೇ ಹೋದರೆ ನೀವು ತಿರುಗಿ ಬರುತ್ತೀರಾ?

ಗುರುಶಾಂತಪ್ಪ ಕಾರ್ಪೆಟ್ ನೋಡಿದ. ಅವ್ವ ಮಗನ ಮುಖ ನೋಡಲಿಲ್ಲ, ಅವನ ಸಾಕ್ಸು ನೋಡಿದಳು. ಒಂದು ಕಾಲಿನದು ಜಾರಿತ್ತು.

“ನೋ” ಅಂದಳು.

ಈ ‘ನೋ’ಗಾಗಿ ಈರೇಶ ತಿಂಗಳುಗಟ್ಟಲೆ ಹೆಣಗಿದ್ದ. ಈಗ ಅದು ಬಂದಾಗ ಏನಾದರೂ ನಗೆಮಾತು ಆಡಬೇಕೆಂದು ಹುಡುಕಿದ. ಫುಲ್‌ಟೈಮ್ ಬಾಯಿ ರಜೆ ಹಾಕಿತ್ತು.

ಬಂದಾಕೆ ಲ್ಯಾಪ್‌ಟಾಪ್ ಮಡಚಿದಳು. ತೀರ್ಮಾನ ತಿಳಿಯಲು ವಾರಗಳು ಹಿಡಿಯಬಹುದು, ಒಪ್ಪಿಗೆಯಾದರೂ ಬೆಳಗಿನ ಜಾವಕ್ಕೆ ಬರುವ ಜನ ಸಿಗುವುದು ಕಷ್ಟವೇ, ಈಗಿನಿಂದಲೇ ಹುಡುಕಿ ಅಂದಳು. ಸಾಮಾನು ಹೇರುವ ಲಾರಿಯೋ ಈ ಶನಿವಾರವೇ ಬರುವುದಿತ್ತು.

ಆಕೆ ಹೊರಗೆ ಹೋದಳು. ಈರೇಶನಿಗೆ ಬಹಳ ಹೊತ್ತಿನಿಂದ ಮೂತ್ರಕ್ಕೆ ಅವಸರವಾಗಿತ್ತು. ದಿನಾ ಒದರಿ ಕರೆಯುವವನಿಗೆ ಇವತ್ತು ‘ಅವ್ವಾ’ ಅನ್ನಲು ನಾಲಗೆ ಏಳಲಿಲ್ಲ. ಈಗಷ್ಟೇ ಆಕೆಯ ಬಾಯಿಂದ ಆ ‘ನೋ’ ಹೇಳಿಸಿದ್ದಾಗಿತ್ತು.

ಅವ್ವನೇ ಬಂದಳು. “ಎಷ್ಟೊತ್ತು ತಡಕೊಂಡು ಕುಂದರ್ತಿ? ಮುಖ ನೋಡಿದ್ರ ಗೊತ್ತಾಗಂಗಿಲ್ಲೇನು?”

“ಆಕಿ ಕಾರ್ ಇನ್ನೂ ಹೋಗಿಲ್ಲವ್ವ.”

ಕಿಟಕಿಯಾಚೆ ಡ್ರೈವ್‌ವೇಯಲ್ಲಿ ಆಕೆ ಕಾರಿನೊಳಗೆ ಕೂತು ಏನೋ ಟೈಪ್ ಮಾಡುತ್ತಿದ್ದಳು.

“ಹೋಗೂತನಕ ತಡಿತೈತೇನು?”

“ಇಲ್ಲ.”

ಶಿವಲಿಂಗಮ್ಮ ಮೊದಲು ಹೋಗಿ ಪರದೆ ಎಳೆದಳು. ಮೂಲೆಯ ಸಂದಿಯನ್ನೂ ಕೈಯಿಂದ ಒತ್ತಿ ಮುಚ್ಚಿದಳು. ಆಮೇಲೆ ಬಂದು ಮಗನ ಕಂಕುಳಿಗೆ ಕೈ ಹಾಕಿ, ಸೊಂಟದ ನೋವಿಗೆ ಸದ್ದಾಗದ ಹಾಗೆ ತುಟಿ ಕಚ್ಚಿ, ಎತ್ತಿದಳು.